ಕಡಲು ಕಾಣದ ಮಂಡ್ಯದಲ್ಲಿ ಕಡಲಿನ ಕೆಲಸ ಶುರು ಮಾಡೋದು ಹೇಗೆ?

ಪಾಂಡವಪುರ_ಬಳಗ

ಎಲ್ಲರಿಗೂ ನಮಸ್ಕಾರ. ಪಾಂಡವಪುರ, ಶ್ರೀರಂಗಪಟ್ಟಣದ ಕೆಲವು ಹೈಸ್ಕೂಲುಗಳು, ಒಂದು ಕಾಲೇಜಿನ ಎನ್ನೆಸ್ಸೆಸ್ ಘಟಕ, ಎರಡು ಸ್ತ್ರೀಶಕ್ತಿ ಸಂಘ ಸೇರಿ ಜೂನ್ 8ರ ವಿಶ್ವ ಸಾಗರ ದಿನದಿಂದ ಒಂದು ವರ್ಷದ ಕಾರ್ಯಕ್ರಮ ಹಾಕಿಕೊಳ್ಳಬೇಕು ಅಂತಿದ್ದೀವಿ. ಭಾಷಣ, ಪೋಸ್ಟರು, ಜಾಥಾ ಬೇಡ ಅನ್ನೋದು ಮಾತ್ರ ತೀರ್ಮಾನ ಆಗಿದೆ. ಆಮೆ ಮೂಗಲ್ಲಿ ಸ್ಟ್ರಾ ಸಿಕ್ಕಿಕೊಂಡ ವಿಡಿಯೋ ತೋರಿಸಿದರೆ ಮಕ್ಕಳು ಅಯ್ಯೋ ಅಂತಾರೆ, ಮಾರನೇ ದಿನ ಮರೀತಾರೆ. ದೊಡ್ಡವರಂತೂ "ಸಮುದ್ರ ಮಂಗಳೂರಿನವರ ತಲೆನೋವು, ನಮಗ್ಯಾಕೆ?" ಅಂತ ಕೇಳ್ತಾರೆ. ಇವರಿಗೆ ಸಮುದ್ರದ ನಂಟು ಯಾವ ಕಡೆಯಿಂದ ಹೇಳಬೇಕು? ಇನ್ನೂ ಯಾರನ್ನ ಸೇರಿಸಿಕೊಳ್ಳಬೇಕು? ಕೈಗೆ ಕೆಲಸ ಕೊಡೋ ಥರದ್ದು ಏನಿದೆ? ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ.

ಕನ್ನಂಬಾಡಿ_ಮಟ್ಟ

ಮೊದಲು ಒಂದು ಎಚ್ಚರಿಕೆ. "ನೀವು ಇಲ್ಲಿ ಎಸೆದ ಕವರ್ರು ನೇರ ಬಂಗಾಳ ಕೊಲ್ಲಿಗೆ ಹೋಗುತ್ತೆ" ಅಂತ ಹೇಳಬೇಡಿ. ಇಲ್ಲಿಂದ ಕಾವೇರಿ ಕಡಲು ಸೇರೋ ಪೂಂಪುಹಾರಿಗೆ ಹೋಗೋ ದಾರೀಲಿ 1934ರ ಮೆಟ್ಟೂರು ಅಣೆಕಟ್ಟೆ ಇದೆ, ಕಲ್ಲಣೆ ಇದೆ, ಅದರ ಮುಂದೆ ನೀರು ತಂಜಾವೂರಿನ ನಾಲೆಗಳಿಗೆ ಹಂಚಿಹೋಗುತ್ತೆ. ಪ್ಲಾಸ್ಟಿಕ್ಕಿನ ಬಹುಪಾಲು ನಡುವೆಯೇ ಹೂಳಲ್ಲಿ, ದಡದ ಮುಳ್ಳುಗಿಡದಲ್ಲಿ ಸಿಕ್ಕಿಕೊಳ್ಳುತ್ತೆ. ಪ್ರವಾಹ ಬಂದ ವರ್ಷ ಹಗುರವಾದದ್ದು ಮುಂದೆ ಹೋಗುತ್ತೆ, ಚೂರುಚೂರಾದದ್ದೂ ಹೋಗುತ್ತೆ. ಸಭೆಯಲ್ಲಿ ನಾಲೆ ಬಲ್ಲ ಒಬ್ಬ ಹಿರೀಕ ಎದ್ದು ನಿಂತು "ಮೆಟ್ಟೂರು ದಾಟಿ ಹೆಂಗ್ ಹೋಯ್ತದೆ?" ಅಂತ ಕೇಳಿದರೆ ಆಮೇಲೆ ನೀವು ಏನು ಹೇಳಿದರೂ ಯಾರೂ ನಂಬಲ್ಲ.

ನಮ್ಮ ಕಡೆಗೆ ಗಟ್ಟಿಯಾದ ನಂಟು ಮಳೆ. ಕೆಆರ್‌ಎಸ್ ತುಂಬೋದು ಮಂಡ್ಯದಲ್ಲಿ ಬೀಳೋ ಮಳೆಯಿಂದಲ್ಲ. ಕೊಡಗಿನಲ್ಲಿ, ಹೇಮಾವತಿಯ ಮೇಲ್ದಂಡೆಯಲ್ಲಿ ಮುಂಗಾರು ಸುರಿಯೋದರಿಂದ. ಆ ಮುಂಗಾರು ತೇವ ಹೊತ್ತುಕೊಂಡು ಬರೋದು ಅರಬ್ಬಿ ಸಮುದ್ರದ ಮೇಲಿಂದ. ಅಂದರೆ ನಾಲೆ ನೀರು ಪಡುವಣ ಕಡಲಿಂದ ಬಂದು ಮೂಡಣ ಕಡಲಿಗೆ ಹೋಗೋದು, ನಡುವೆ ನಮ್ಮ ಗದ್ದೆ. ಹವಾಮಾನ ಬದಲಾವಣೆಯಿಂದ ಭೂಮೀಲಿ ಹೆಚ್ಚಾಗಿ ಸೇರುತ್ತಿರೋ ಶಾಖದಲ್ಲಿ ನೂರಕ್ಕೆ ಸುಮಾರು 90 ಪಾಲು ಸಮುದ್ರಕ್ಕೇ ಸೇರುತ್ತೆ, ಕಡಲು ಬಿಸಿಯಾದರೆ ಮಳೆಯೂ ಏರುಪೇರಾಗುತ್ತೆ. ಹಾಗಾಗಿ ಕೆಆರ್‌ಎಸ್ ತನ್ನ ಪೂರ್ಣ ಮಟ್ಟ 124.80 ಅಡಿ ಯಾವಾಗ ಮುಟ್ಟುತ್ತೆ ಅಂತ ದಿನಾ ಪೇಪರ್ ನೋಡೋ ರೈತನಿಗೆ ಸಮುದ್ರದ ವಿಷಯ ಬೇರೆ ಯಾರದೋ ಅಲ್ಲ. ಇಷ್ಟನ್ನ ಒಂದು ನಕ್ಷೆ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಹೇಳಿ ನಿಲ್ಲಿಸಿ. ಉಳಿದದ್ದು ಕೆಲಸದಲ್ಲಿ ತಿಳೀಲಿ.

ನಾಲೆ_ಏರಿ

ಕೈಗೆ ಕೆಲಸ ಬೇಕು ಅಂದ್ರೆ ಹಂಚುನಾಲೆಯಲ್ಲಿ ಕಸ ತಡೆಯೋ ತೇಲುಬೇಲಿ ಕಟ್ಟಿ. ದೊಡ್ಡ ವಿಶ್ವೇಶ್ವರಯ್ಯ ನಾಲೆಗೆ ಕೈ ಹಾಕಬೇಡಿ, ಮೂರು ಮೀಟರ್ ಅಗಲದೊಳಗಿನ ಉಪನಾಲೆ ಸಾಕು.

ಮೊದಲು ಹರಿವಿನ ವೇಗ ನೋಡಿ. ದಡದಲ್ಲಿ ಹತ್ತು ಮೀಟರ್ ಅಳೆದು ಎರಡು ಗೂಟ ನೆಟ್ಟು, ಒಂದು ತೆಂಗಿನಕಾಯಿ ತೇಲಿಬಿಡಿ. ಇಪ್ಪತ್ತು ಸೆಕೆಂಡಿಗಿಂತ ಬೇಗ ದಾಟಿದರೆ ಆ ಜಾಗ ಬಿಡಿ, ಕಸ ಬೇಲಿ ಅಡಿಯಿಂದ ನುಸುಳಿ ಹೋಗುತ್ತೆ. ನಾಲೆ ಅಗಲವಾಗಿ ನೀರು ನಿಧಾನ ಆಗೋ ಕಡೆ ಹುಡುಕಿ.

ಬೇಕಾಗೋದು: ನಾಲ್ಕಿಂಚಿನ ಪಿವಿಸಿ ಪೈಪು ಒಂದೂವರೆ ಮೀಟರಿನ ತುಂಡುಗಳು, ಪ್ರತಿ ತುಂಡಿಗೆ ಎರಡು ಎಂಡ್ ಕ್ಯಾಪು, ಸಾಲ್ವೆಂಟು, 12 ಮಿ.ಮೀ. ನೈಲಾನ್ ಹಗ್ಗ, ಕೆಳಗೆ ಇಳಿಬಿಡೋಕೆ ಒಂದಡಿ ಅಗಲದ ಬಲೆ, ಬಲೆ ಅಂಚಿಗೆ ತೂಕಕ್ಕೆ ಹಳೇ ಸರಪಳಿ. ಕ್ಯಾಪು ಅಂಟಿಸಿದ ಮೇಲೆ ಒಂದು ದಿನ ಒಣಗಿಸಿ, ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ನೋಡಿ. ನೀರು ಕುಡಿದ ಪೈಪು ವಾರದಲ್ಲಿ ಮುಳುಗುತ್ತೆ.

ಕಟ್ಟೋದು ಅಡ್ಡಡ್ಡ ಅಲ್ಲ, ಓರೆಯಾಗಿ. ನೀರಿನ ದಿಕ್ಕಿಗೆ 30ರಿಂದ 45 ಡಿಗ್ರಿ ಇದ್ದರೆ ಕಸ ಜಾರಿಕೊಂಡು ಒಂದು ದಡಕ್ಕೆ ಬಂದು ಸೇರುತ್ತೆ. ಮೂರು ಮೀಟರ್ ನಾಲೆಗೆ ಹೀಗೆ ನಾಲ್ಕೂಕಾಲರಿಂದ ಆರು ಮೀಟರ್ ಬೇಲಿ ಬೇಕು. ಅಡ್ಡ ಕಟ್ಟಿದರೆ ನಡುವೆ ಬಿಲ್ಲಿನ ಹಾಗೆ ಬಾಗಿ, ಕಸವೆಲ್ಲ ಮಧ್ಯದಲ್ಲಿ ನಿಂತು, ತೆಗೆಯೋಕೆ ಯಾರಾದರೂ ನೀರಿಗೆ ಇಳಿಯಬೇಕಾಗುತ್ತೆ. ಮಕ್ಕಳನ್ನಂತೂ ಯಾವ ಕಾರಣಕ್ಕೂ ನೀರಿಗೆ ಇಳಿಸಬೇಡಿ. ದಡದಿಂದಲೇ ಉದ್ದ ಹಿಡಿಯ ಬಲೆಯಲ್ಲಿ ಎತ್ತಬೇಕು, ಅದನ್ನೂ ದೊಡ್ಡವರೇ ಮಾಡಲಿ.

ಬಲೆ ಕಣ್ಣು ಸಣ್ಣ ಮಾಡೋದೇ ಎಲ್ಲರೂ ಎಡವೋ ಜಾಗ. ಸಣ್ಣ ಕಣ್ಣಿಗೆ ಪಾಚಿ, ಸೊಪ್ಪು ಮೆತ್ತಿಕೊಂಡು ನೀರು ಹಿಂದಕ್ಕೆ ಏರುತ್ತೆ, ಏರಿ ಕೊರೆಯುತ್ತೆ, ಕೊನೇ ಭಾಗದ ರೈತನಿಗೆ ನೀರು ಕಮ್ಮಿ ಆಗುತ್ತೆ. ಅಲ್ಲಿಗೆ ನಿಮ್ಮ ಬೇಲಿ ರಾತ್ರೋರಾತ್ರಿ ಮಾಯ! ಅಂತರಗಂಗೆ (ನೀರ ಮೇಲೆ ತೇಲೋ ಕಳೆ) ಬರೋ ನಾಲೆ ಆದರೆ ದಿನಾ ತೆಗೆಯೋರು ಇಲ್ಲದೆ ಈ ಕೆಲಸಕ್ಕೇ ಹೋಗಬೇಡಿ.

ಅನುಮತಿ ಕಾವೇರಿ ನೀರಾವರಿ ನಿಗಮದ ಸೆಕ್ಷನ್ ಕಚೇರಿಯಿಂದ ಲಿಖಿತವಾಗಿ ಬೇಕು. ಅದಕ್ಕಿಂತ ಮೊದಲು ನಾಲೆ ನೀರು ಬಿಡೋ ನೀರುಗಂಟಿಯನ್ನ, ನೀರು ಬಳಕೆದಾರರ ಸಂಘದವರನ್ನ ಕೂರಿಸಿಕೊಂಡು ಮಾತಾಡಿ. ಕಟ್ಟು ಪದ್ಧತಿಯಲ್ಲಿ (ಸರದಿ ಮೇಲೆ ನೀರು ಬಿಡೋದು) ನೀರು ಯಾವತ್ತು ಬರುತ್ತೆ, ಯಾವತ್ತು ನಿಲ್ಲುತ್ತೆ, ಯಾವ ತೂಬಿನ ಹತ್ರ ಕಸ ಕಟ್ಟುತ್ತೆ ಅನ್ನೋದು ನೀರುಗಂಟಿಗೆ ಬಾಯಿಪಾಠ. ಬೇಲಿ ಎಲ್ಲಿ ಹಾಕಬೇಕು ಅಂತ ಅವರೇ ಹೇಳಲಿ. ತೂಬು ಕಟ್ಟಿಕೊಳ್ಳೋದು ತಪ್ಪಿದರೆ ಅವರಿಗೂ ಅನುಕೂಲ. ಸಮುದ್ರದ ಹೆಸರು ಎತ್ತದೆಯೂ ಅವರು ನಿಮ್ಮ ಜೊತೆ ನಿಲ್ತಾರೆ.

ವಿಸಿಫಾರಂ_ರಸ್ತೆ

ಕಸ ಕಣ್ಣಿಗೆ ಕಾಣುತ್ತೆ, ಎಲ್ಲರೂ ಅದರ ಹಿಂದೆ ಹೋಗ್ತಾರೆ. ಮಂಡ್ಯ ಅಂದ್ಮೇಲೆ ಯೂರಿಯಾ ಮಾತಾಡದೆ ಇದ್ದರೆ ಕೆಲಸ ಅರ್ಧವೇ ಕಣಣ್ಣ. ಯೂರಿಯಾದಿಂದ ಬಂದು ನೀರಲ್ಲಿ ಕರಗಿದ ಸಾರಜನಕವನ್ನ ಅಣೆಕಟ್ಟೆ ಪೂರ್ತಿ ತಡೆಯಲಾರದು. ಕಡಲಂಚಿಗೆ ಅದು ಹೆಚ್ಚಾಗಿ ಸೇರಿದರೆ ಪಾಚಿ ಉಕ್ಕುತ್ತೆ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿ ಆಗುತ್ತೆ. ಬಂಗಾಳ ಕೊಲ್ಲಿಯ ಆಳದಲ್ಲಿ ಆಮ್ಲಜನಕ ತೀರಾ ಕಮ್ಮಿ ಇರೋ ಪದರ ಸಹಜವಾಗಿಯೇ ಇದೆ, ಅದಕ್ಕೆ ನಮ್ಮದೂ ಸೇರಬಾರದು.

ರೈತರಿಗೆ ಇದನ್ನ ಖರ್ಚಿನ ಲೆಕ್ಕದಲ್ಲೇ ಹೇಳಿ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರೋದು ನೂರಕ್ಕೆ 46 ಪಾಲು, ಅಂದರೆ ಸುಮಾರು 20.7 ಕೆಜಿ. ತುಂಬಿ ನಿಂತ ನೀರಿಗೆ ಎರಚಿದರೆ ಒಂದಷ್ಟು ಅಮೋನಿಯ ಆಗಿ ಗಾಳಿಗೆ ಹೋಗುತ್ತೆ, ಗದ್ದೆ ಬದುವಿನ ಗಂಡಿ ತೆರೆದಿದ್ದರೆ ಇನ್ನೊಂದಷ್ಟು ಬಸಿಗಾಲುವೆಗೆ.

ಸರಿಯಾದ ಸಾಧನ ಎಲೆ ಬಣ್ಣದ ಪಟ್ಟಿ, ಅಂದರೆ ತಿಳಿಯಿಂದ ಗಾಢದವರೆಗೆ ಹಸಿರು ಬಣ್ಣಗಳಿಗೆ ನಂಬರ್ ಹಾಕಿರೋ ಪಟ್ಟಿ. ಭತ್ತ ನಾಟಿ ಆದ 14ನೇ ದಿನದಿಂದ ಹೂ ಬರೋವರೆಗೆ, ಏಳರಿಂದ ಹತ್ತು ದಿನಕ್ಕೊಮ್ಮೆ ನೋಡಬೇಕು. ರೋಗ ಇಲ್ಲದ ಹತ್ತು ಬುಡ ಆರಿಸಿ, ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನ ಪಟ್ಟಿ ಮೇಲಿಟ್ಟು ಹೋಲಿಸಿ. ಬಿಸಿಲು ನೇರ ಬೀಳದಂತೆ ಬೆನ್ನು ತಿರುಗಿಸಿ ನಿಲ್ಲಿ, ಪ್ರತಿ ಸಲ ಒಬ್ಬರೇ, ಅದೇ ಹೊತ್ತಿಗೆ ನೋಡಲಿ, ಇಲ್ಲಾಂದ್ರೆ ಬಣ್ಣ ತಪ್ಪಾಗಿ ಕಾಣುತ್ತೆ. ಅಧಿಕ ಇಳುವರಿಯ ನಾಟಿ ಭತ್ತಕ್ಕೆ ಸಾಮಾನ್ಯವಾಗಿ 4ನೇ ಬಣ್ಣ ಗಡಿ. ಹತ್ತರಲ್ಲಿ ಆರು ಎಲೆ ಅದಕ್ಕಿಂತ ತಿಳಿಯಾಗಿದ್ದರೆ ಎಕರೆಗೆ ಸುಮಾರು ಅರ್ಧ ಚೀಲ ಯೂರಿಯಾ ಮೇಲುಗೊಬ್ಬರ, ಇಲ್ಲದಿದ್ದರೆ ಆ ಸಲ ಬೇಡ. ತಳಿವಾರು ಗಡಿಯನ್ನ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಗೊಬ್ಬರ ಹಾಕೋ ಮುಂಚೆ ನೀರು ತಗ್ಗಿಸಿ, ಹಾಕಿದ ಮೇಲೆ ಎರಡು ಮೂರು ದಿನ ಗಂಡಿ ಮುಚ್ಚಿ. ಮಳೆ ಬರೋ ಹಾಗಿದ್ದರೆ ಮುಂದಕ್ಕೆ ಹಾಕಿ.

ಹೈಸ್ಕೂಲು ಮಕ್ಕಳು ಮನೆಯವರ ಗದ್ದೆಯಲ್ಲಿ ಓದಿ ಬರೆದಿಡಬಹುದು. ಅಪ್ಪನಿಗೆ ಬುದ್ಧಿ ಹೇಳೋಕೆ ಮಾತ್ರ ಕಳಿಸಬೇಡಿ, ಅಳತೆ ಬರೆದುಕೊಂಡು ಬಾ ಅಂತ ಕಳಿಸಿ.

ಬಂಗುಡೆ_ಸಾರು_ಮೈಸೂರು

ಮೀನಂಗಡಿಯವರನ್ನ ಮರೀಬೇಡಿ. ನಮ್ಮ ಕಡೆ ಸಮುದ್ರ ದಿನಾ ಬರೋದು ಮಂಜುಗಡ್ಡೆ ಪೆಟ್ಟಿಗೆಯಲ್ಲೇ. ಅಂಗಡಿಯಲ್ಲಿ ಒಂದು ಕಪ್ಪು ಹಲಗೆ ಇಡಿಸಿ: ಇವತ್ತಿನ ಮೀನು ಯಾವುದು, ಯಾವ ಬಂದರಿನದು, ತಾಜಾನೋ ಫ್ರೀಜರಿನದೋ. ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೀನು ಮರಿ ಹಾಕಿ ಬೆಳೀಲಿ ಅಂತ. ಆ ಎರಡು ತಿಂಗಳು ರೇಟು ಏರಿದಾಗ ಗಿರಾಕಿ "ಯಾಕ್ರೀ ಇಷ್ಟು?" ಅಂತ ಕೇಳೇ ಕೇಳ್ತಾರೆ, ಉತ್ತರ ಹಲಗೆ ಮೇಲೆ ಇರಲಿ. ಕೇರಳದಲ್ಲಿ ಹಿಡಿಯಬಹುದಾದ ಕನಿಷ್ಠ ಉದ್ದ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಎಂದು ಇದೆ. ತಕ್ಕಡಿ ಪಕ್ಕ ಒಂದು ಅಳತೆಪಟ್ಟಿ ಅಂಟಿಸಿದರೆ ಗಿರಾಕಿಗಳೇ ಅಳೆದು ನೋಡ್ತಾರೆ. ವ್ಯಾಪಾರಿಯನ್ನ ಕಳ್ಳನ ಹಾಗೆ ನಿಲ್ಲಿಸಬೇಡಿ, ಮರಿಮೀನು ಹಿಡಿದದ್ದು ಅವರಲ್ಲ.

ಪಾಂಡವಪುರ_ಬಳಗ

ಇಷ್ಟು ವಿವರಕ್ಕೆ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಬೇಲಿಯಲ್ಲಿ ಸಿಕ್ಕ ಕಸ ಏನು ಮಾಡೋದು? ಆಮ್ಲಜನಕ ಖಾಲಿ ಆಗೋದನ್ನ ಶಾಲೆಯಲ್ಲಿ ತೋರಿಸೋಕೆ ಆಗುತ್ತಾ?

ನಾಲೆ_ಏರಿ

ಕಸ ಎತ್ತಿ ಸಾಗಿಸಿಬಿಟ್ಟರೆ ಏನೂ ಬದಲಾಗಲ್ಲ, ಎಣಿಸಬೇಕು. ಬಿಸಿಲಲ್ಲಿ ಒಣಗಿಸಿ ಕೆಸರು ಕೊಡವಿ ಆಮೇಲೆ ತೂಕ ಹಾಕಿ, ಹಸಿ ತೂಕ ಸುಳ್ಳು ಹೇಳುತ್ತೆ. ತೂಕದ ಜೊತೆ ತುಂಡುಗಳ ಎಣಿಕೆಯೂ ಬೇಕು, ಯಾಕಂದ್ರೆ ಶಾಂಪೂ, ಗುಟ್ಕಾ ಸ್ಯಾಶೆ ತೂಗಲ್ಲ. ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ, ಸ್ಯಾಶೆಗೆ ಇಲ್ಲ, ಆದ್ದರಿಂದ ಉಳಿಯೋದು ಅದೇ. ಪಟ್ಟಿಯನ್ನ ಪಂಚಾಯ್ತಿಯ ಕಸ ವಿಂಗಡಿಸೋ ಘಟಕ ಸ್ವಚ್ಛ ಸಂಕೀರ್ಣ ನಡೆಸೋ ಮಹಿಳಾ ಸಂಘದವರ ಜೊತೆ ಕೂತು ಓದಿ. ಯಾವ ಬೀದಿಗೆ ಗಾಡಿ ಹೋಗ್ತಿಲ್ಲ, ಯಾವ ದಿನ ತಪ್ಪುತ್ತೆ ಅಂತ ಅವರಿಗೇ ಗೊತ್ತು. ಆಮೇಲೆ ಗ್ರಾಮಸಭೆಗೆ ಒಯ್ಯಿರಿ, ಗಾಡಿಗೆ ಇನ್ನೊಂದು ಸುತ್ತು ಬೇಕು ಅಂತ ಒಂದೇ ಒಂದು ಬೇಡಿಕೆ ಇಡಿ.

ಇನ್ನೊಂದು, ನಾಲೆಗೆ ನೀರು ಬಿಡೋ ಮುಂಚೆ ಒಣ ನಾಲೆಯಲ್ಲೇ 100 ಮೀಟರ್ ಗುರುತು ಹಾಕಿ ಎಣಿಸಿ, ತೆಗೀರಿ. ಮೊದಲ ನೀರೇ ಅತಿ ಹೆಚ್ಚು ಕಸ ಹೊತ್ತೊಯ್ಯೋದು. ಮುಂದಿನ ವರ್ಷ ಅದೇ 100 ಮೀಟರ್ ಎಣಿಸಿದರೆ ಹೋಲಿಕೆ ಸಿಗುತ್ತೆ.

ವಿಸಿಫಾರಂ_ರಸ್ತೆ

ಶಾಲೆಗೆ: ಒಂದೊಂದು ಲೀಟರಿನ ಎರಡು ಗಾಜಿನ ಜಾಡಿ, ಎರಡಕ್ಕೂ ಒಂದೇ ಕೆರೆಯ ಹಸಿರು ನೀರು. ಒಂದಕ್ಕೆ ಡಿಎಪಿ (ಸಾರಜನಕ, ರಂಜಕ ಎರಡೂ ಇರೋ ಗೊಬ್ಬರ) ಎರಡು ಮೂರು ಕಾಳು ಪುಡಿ ಮಾಡಿ ಹಾಕಿ, ಹೆಚ್ಚು ಹಾಕಿದರೆ ಅಮೋನಿಯದಿಂದ ಪಾಚಿಯೇ ಸಾಯಬಹುದು. ಬಾಯಿಗೆ ತೆಳುಬಟ್ಟೆ ಕಟ್ಟಿ ಬೆಳಕಿರೋ ಕಿಟಕಿ ಹತ್ರ ಒಂದೆರಡು ವಾರ ಇಡಿ. ಗೊಬ್ಬರದ ಜಾಡಿ ಗಾಢ ಹಸಿರಾದ ಮೇಲೆ ಎರಡನ್ನೂ ಮುಚ್ಚಳ ಹಾಕಿ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ ಮೂರು ದಿನ ಇಟ್ಟು, ಅಕ್ವೇರಿಯಂ ಅಂಗಡಿಯ ಆಮ್ಲಜನಕ ಕಿಟ್ಟಿನಿಂದ ಅಳೀರಿ. ಕಿಟಕಿಯಲ್ಲೇ ಹಗಲು ಹೊತ್ತು ಅಳೆದರೆ ಉಲ್ಟಾ ಫಲಿತಾಂಶ ಬರುತ್ತೆ, ಬೆಳಕಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುತ್ತೆ. ಸಿಹಿನೀರಲ್ಲಿ ಪಾಚಿಗೆ ಹೆಚ್ಚಾಗಿ ಕೊರತೆ ಆಗೋದು ರಂಜಕ, ಕಡಲಲ್ಲಿ ಹೆಚ್ಚಾಗಿ ಸಾರಜನಕ. ಅದಕ್ಕೇ ಇಲ್ಲಿ ಬರೀ ಯೂರಿಯಾ ಸಾಲದು, ಡಿಎಪಿ ಬೇಕು. ಜಾಡಿಗೆ ಮೀನು ಬಿಡಬೇಡಿ. ಮುಗಿದ ಮೇಲೆ ನೀರನ್ನ ಚರಂಡಿಗೆ ಸುರಿಯದೆ ಗಿಡದ ಬುಡಕ್ಕೆ ಹಾಕಿ.