ಸಾಲಗಾರರಿಗೆ ಮೋಸ, ಷೇರುದಾರರಿಗೆ ನಷ್ಟ: ನಿರ್ದೇಶಕರ ಮೇಲೆ ದಾವೆ ಹೂಡಬಹುದೇ?

ಪ್ರಶ್ನೆ: ಅಮೆರಿಕದ ಡೆಲವೇರ್‌ನಲ್ಲಿ ನೋಂದಣಿಯಾದ ವಾಹನ ಸಾಲದ ಕಂಪನಿಯೊಂದರ 400 ಷೇರು ನನ್ನ ಹೆಸರಲ್ಲಿವೆ. ಗ್ರಾಹಕರಿಗೆ ಬೇಡದ ವಿಮೆ ಅಂಟಿಸಿ, ನಿಜವಾದ ಬಡ್ಡಿ ಮರೆಮಾಚಿದ್ದಕ್ಕೆ ದಂಡ ಬಿತ್ತು, ಷೇರು ಬೆಲೆಯೂ ಕುಸಿಯಿತು. ನಿರ್ದೇಶಕರ ಮೇಲೆ ದಾವೆ ಹೂಡಿದರೆ ನಷ್ಟ ವಾಪಸ್ ಬರುತ್ತದಾ ಸರ್?

ಉತ್ತರ (ವಕೀಲರು): ಬಂದರೂ ಯಾರ ಕೈಗೆ ಬರುತ್ತದೆ ಅನ್ನುವುದನ್ನು ಮೊದಲು ನೋಡಿ ಮೇಡಂ. ನಿರ್ದೇಶಕರು ಕರ್ತವ್ಯ ಮರೆತು ಕಂಪನಿಗೆ ಹಾನಿ ಮಾಡಿದರು ಎಂದು ಕಂಪನಿಯ ಪರವಾಗಿ ಷೇರುದಾರರು ಹೂಡುವುದು ಡೆರಿವೇಟಿವ್ ದಾವೆ. ಅದರಲ್ಲಿ ಗೆದ್ದ ಹಣ ಕಂಪನಿಯ ಖಾತೆಗೇ ಹೋಗುತ್ತದೆ. ಸುಳ್ಳು ಹೇಳಿಕೆ ನಂಬಿ ದುಬಾರಿ ಬೆಲೆಗೆ ಷೇರು ಕೊಂಡವರಿಗೆ ಹಣ ಹಂಚುವುದು ಸೆಕ್ಯುರಿಟೀಸ್ ಕ್ಲಾಸ್ ಆಕ್ಷನ್. ಗ್ರಾಹಕರಿಗೆ ತಿಳಿಸದೆ ಖಾತೆ ತೆರೆದ ವೆಲ್ಸ್ ಫಾರ್ಗೊ ಹಗರಣದಲ್ಲಿ ಎರಡೂ ನಡೆದವು. ಷೇರು ಕೊಂಡವರ ದಾವೆ 2018ರಲ್ಲಿ 48 ಕೋಟಿ ಡಾಲರಿಗೆ ರಾಜಿಯಾಯಿತು. ಡೆರಿವೇಟಿವ್ ದಾವೆಯ ರಾಜಿಯಲ್ಲಿ ನಿರ್ದೇಶಕರ ವಿಮಾ ಕಂಪನಿಗಳು ಕೊಟ್ಟ 24 ಕೋಟಿ ಡಾಲರ್ ಸೇರಿದ್ದು ಬ್ಯಾಂಕಿಗೆ.

ಇನ್ನು ನಿರ್ದೇಶಕರ ಹೊಣೆ. ದಂಡ ಬಿತ್ತು, ಷೇರು ಇಳಿಯಿತು ಅಂದರೆ ಸಾಲದು. ಬರೀ ಅಜಾಗರೂಕತೆಗೆ ಪರಿಹಾರ ಕೊಡಬೇಕಿಲ್ಲ ಎಂದು ಹೆಚ್ಚಿನ ಕಂಪನಿಗಳ ಮೂಲ ದಾಖಲೆಯಲ್ಲೇ ಬರೆದಿರುತ್ತದೆ. ಡೆಲವೇರ್ ಕಾನೂನಿನ 102(ಬಿ)(7) ಅದಕ್ಕೆ ಅವಕಾಶ ಕೊಡುತ್ತದೆ. ಆದ್ದರಿಂದ ದುರುದ್ದೇಶವನ್ನೇ ತೋರಿಸಬೇಕು. ನಿರ್ದೇಶಕರ ಮೇಲ್ವಿಚಾರಣೆಯ ಹೊಣೆ ಕುರಿತ ಡೆಲವೇರ್‌ನ 1996ರ ಕೇರ್‌ಮಾರ್ಕ್ ತೀರ್ಪಿನಿಂದ ಬೆಳೆದ ದಾರಿ ಎರಡು: ನಿರ್ದೇಶಕ ಮಂಡಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ, ಅಥವಾ ಇತ್ತು, ಅಪಾಯದ ಸೂಚನೆ ಬಂದಿತ್ತು, ಗೊತ್ತಿದ್ದೂ ಸುಮ್ಮನಿದ್ದರು. 2009ರಲ್ಲಿ ಸಿಟಿಗ್ರೂಪ್ ಬ್ಯಾಂಕಿನ ಷೇರುದಾರರ ಇಂಥ ವಾದ ಬಿದ್ದುಹೋಯಿತು, ಏಕೆಂದರೆ ಸಬ್‌ಪ್ರೈಮ್ ಸಾಲದಲ್ಲಿ (ಮರುಪಾವತಿ ಸಾಮರ್ಥ್ಯ ಕಡಿಮೆ ಇರುವವರಿಗೆ ಕೊಟ್ಟ ಸಾಲ) ಕೈಸುಟ್ಟುಕೊಂಡದ್ದು ವ್ಯಾಪಾರದ ಅಪಾಯ, ಕಾನೂನು ಮುರಿದದ್ದಲ್ಲ. ನಿಮ್ಮ ಪ್ರಕರಣದಲ್ಲಿ ಗ್ರಾಹಕರಿಗೆ ಮೋಸವೇ ಆಗಿದೆ, ಅಷ್ಟರ ಮಟ್ಟಿಗೆ ನೆಲ ಗಟ್ಟಿ. ಆದರೂ ಮಂಡಳಿಗೆ ಗೊತ್ತಿತ್ತು ಅನ್ನುವುದನ್ನು ಕಾಗದದಲ್ಲಿ ತೋರಿಸಬೇಕು.

ಅದಕ್ಕೇ ದಾವೆಗೆ ಮುಂಚೆ ಅದೇ ಡೆಲವೇರ್ ಕಾನೂನಿನ ಸೆಕ್ಷನ್ 220ರಡಿ ಕಂಪನಿಯಿಂದ ದಾಖಲೆ ಕೇಳಿ. ಪ್ರಮಾಣ ಮಾಡಿದ ಲಿಖಿತ ಬೇಡಿಕೆ, ಬ್ರೋಕರ್ ಕೊಟ್ಟ ಷೇರು ಸ್ಟೇಟ್‌ಮೆಂಟ್, ಉದ್ದೇಶ ಏನು, ಯಾವ ದಾಖಲೆ ಬೇಕು ಅನ್ನುವ ಸ್ಪಷ್ಟ ವಿವರ, ಇಷ್ಟು ಬೇಕು. ಐದು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ನಿರಾಕರಿಸಿದರೆ ಕಂಪನಿ ವ್ಯಾಜ್ಯ ನೋಡುವ ಡೆಲವೇರ್‌ನ ಚಾನ್ಸರಿ ಕೋರ್ಟಿಗೆ ಹೋಗಬಹುದು. 2025ರ ತಿದ್ದುಪಡಿಯ ನಂತರ ಸಿಗುವುದು ಮುಖ್ಯವಾಗಿ ಮಂಡಳಿ ಮತ್ತು ಸಮಿತಿಗಳ ನಡಾವಳಿ, ಸಭೆಗೆ ಹಂಚಿದ ಕಡತ. ಇ-ಮೇಲ್ ರಾಶಿ ಸಿಗುತ್ತದೆಂದು ನಂಬಿ ಕೂರಬೇಡಿ.

ಪ್ರತಿಕ್ರಿಯೆ (ಲೆಕ್ಕಪರಿಶೋಧಕರು): ನಡಾವಳಿ ಓದುವ ಬಗೆ ಒಂದು ಮಾತು. "ಅನುಸರಣೆ ವರದಿ ಸ್ವೀಕರಿಸಲಾಯಿತು" ಎಂದು ಒಂದೇ ಸಾಲಿದ್ದರೆ ಅಲ್ಲೇ ನಿಲ್ಲಿ. ಅದೇ ಸಭೆಯ ಕಡತದಲ್ಲಿ ವಿಮೆ ರದ್ದತಿಯ ದೂರು ಮೂರು ತ್ರೈಮಾಸಿಕ ಸತತ ಏರಿದ ಪಟ್ಟಿ ಇದ್ದು, ನಡಾವಳಿಯಲ್ಲಿ ಒಂದು ಪ್ರಶ್ನೆಯೂ ದಾಖಲಾಗಿಲ್ಲದಿದ್ದರೆ ಅದು ವಾದಿಗೆ ಚಿನ್ನದಂಥ ಪುಟ. ಸಾರ್ವಜನಿಕವಾಗಿ ಸಿಗುವುದನ್ನು ಇಂದೇ ತೆಗೆದಿಡಿ: ವಾರ್ಷಿಕ ಪ್ರಾಕ್ಸಿ ಹೇಳಿಕೆಯಲ್ಲಿ (ಷೇರುದಾರರ ಸಭೆಗೆ ಮುನ್ನ ಕಂಪನಿ ಕೊಡುವ ದಾಖಲೆ) ಯಾವ ಸಮಿತಿಗೆ ಗ್ರಾಹಕ ಅಪಾಯದ ಹೊಣೆ ಎಂದಿರುತ್ತದೆ, 10-ಕೆ ಎಂಬ ವಾರ್ಷಿಕ ವರದಿಯಲ್ಲಿ ನ್ಯಾಯಾಲಯದ ವ್ಯವಹಾರಗಳಿರುತ್ತವೆ, ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋದ ದೂರುಗಳ ದತ್ತಾಂಶದಲ್ಲಿ ದಿನಾಂಕಗಳಿರುತ್ತವೆ. ಮೂರನ್ನೂ ಒಂದೇ ಕಾಲಪಟ್ಟಿಯಲ್ಲಿ ಜೋಡಿಸಿ.

ಮರುಪ್ರಶ್ನೆ: "ತಪ್ಪು ಮಾಡಿದವರ ಮೇಲೆ ದಾವೆ ಹೂಡಿ" ಎಂದು ಮಂಡಳಿಗೇ ಪತ್ರ ಬರೆದರೆ ಸುಲಭ ಅಲ್ಲವೇ?

ಉತ್ತರ (ವಕೀಲರು): ಅಯ್ಯೋ, ಅದನ್ನು ಮಾತ್ರ ಮಾಡಬೇಡಿ! ಡೆಲವೇರ್‌ನಲ್ಲಿ ಅಂಥ ಪತ್ರ ಬರೆದರೆ, ಈ ಮಂಡಳಿ ನಿಷ್ಪಕ್ಷಪಾತವಾಗಿ ತೀರ್ಮಾನಿಸಬಲ್ಲದು ಎಂದು ನೀವೇ ಒಪ್ಪಿದಂತೆ. ಅವರು ನಿರಾಕರಿಸಿದರೆ ಆ ನಿರಾಕರಣೆಯನ್ನು ಅಲುಗಾಡಿಸುವುದು ಬಹಳ ಕಷ್ಟ. ಮಂಡಳಿಯನ್ನು ಕೇಳಿ ಪ್ರಯೋಜನವಿಲ್ಲ ಎಂದು ದಾವೆಯಲ್ಲೇ ವಿವರವಾಗಿ ತೋರಿಸುವುದು ಹೆಚ್ಚಿನವರು ಹಿಡಿಯುವ ದಾರಿ. ಫೇಸ್‌ಬುಕ್ ನಿರ್ದೇಶಕರ ಮೇಲಿನ ದಾವೆಯಲ್ಲಿ ಬಂದ 2021ರ ಜುಕರ್‌ಬರ್ಗ್ ತೀರ್ಪಿನ ಪ್ರಕಾರ ಒಬ್ಬೊಬ್ಬ ನಿರ್ದೇಶಕರನ್ನೂ ಬೇರೆಬೇರೆಯಾಗಿ ನೋಡುತ್ತಾರೆ: ತಪ್ಪಿನಿಂದ ವೈಯಕ್ತಿಕ ಲಾಭ ಪಡೆದರೇ, ಹೊಣೆ ಬೀಳುವ ಗಣನೀಯ ಸಾಧ್ಯತೆ ಇದೆಯೇ, ಅಂಥವರ ಹಂಗಿನಲ್ಲಿದ್ದಾರೆಯೇ. ಮಂಡಳಿಯ ಕನಿಷ್ಠ ಅರ್ಧದಷ್ಟು ಜನರ ಬಗ್ಗೆ ಇದು ನಿಲ್ಲಬೇಕು. 9 ಜನರಿದ್ದರೆ 5, 10 ಜನರಿದ್ದರೂ 5. ಲೆಕ್ಕಕ್ಕೆ ಬರುವುದು ದಾವೆ ಸಲ್ಲಿಸಿದ ದಿನದ ಮಂಡಳಿ. ಹಗರಣದ ನಂತರ ನಾಲ್ಕು ಹೊಸಬರು ಬಂದಿದ್ದರೆ ಲೆಕ್ಕವೇ ಬದಲಾಗುತ್ತದೆ.

ಮರುಪ್ರಶ್ನೆ: ಅರ್ಧ ಷೇರು ಮಾರಿಬಿಟ್ಟರೆ?

ಉತ್ತರ (ವಕೀಲರು): ಪರವಾಗಿಲ್ಲ, ಆದರೆ ಪೂರ್ತಿ ಮಾರಬೇಡಿ. ತಪ್ಪು ನಡೆದಾಗಲೂ ಷೇರು ನಿಮ್ಮದಾಗಿರಬೇಕು, ದಾವೆ ಮುಗಿಯುವವರೆಗೂ ಉಳಿದಿರಬೇಕು. ನಡುವೆ ಇನ್ನೊಂದು ಕಂಪನಿ ಇದನ್ನು ನಗದು ಕೊಟ್ಟು ಕೊಂಡುಕೊಂಡರೂ ಸಾಮಾನ್ಯವಾಗಿ ನಿಮ್ಮ ಹಕ್ಕು ಹೋಗುತ್ತದೆ. ಮ್ಯೂಚುವಲ್ ಫಂಡ್ ಮೂಲಕ ಹಿಡಿದವರಿಗೆ ಈ ದಾರಿ ಇಲ್ಲ, ಅಲ್ಲಿ ಷೇರುದಾರ ಫಂಡೇ. ಡೆಲವೇರ್‌ನಲ್ಲಿ ಇಂಥ ದಾವೆಗೆ ಸಾಮಾನ್ಯ ಗಡುವು ಮೂರು ವರ್ಷ. ದಾಖಲೆ ಕೇಳುವ ಹಂತವೇ ಎಷ್ಟೋ ತಿಂಗಳು ನುಂಗುತ್ತದೆ, ಆದ್ದರಿಂದ 220ರ ಬೇಡಿಕೆಯನ್ನು ಈ ತಿಂಗಳೇ ಕಳಿಸಿ.