ಪ್ರೊಟೆಕ್ಷನ್, ರೆಸ್ಟೊರೇಶನ್: ಕನ್ನಡ ಪದ ಬೇಕು, ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಹುಡುಗರ ಲ್ಯಾಬ್ ಪುಸ್ತಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಪಿಎಲ್‌ಎಸ್ (ನೆಟ್‌ವರ್ಕಿನಲ್ಲಿ ಪ್ಯಾಕೆಟ್ಟಿಗೆ, ಅಂದರೆ ಡೇಟಾದ ತುಣುಕಿಗೆ, ಲೇಬಲ್ ಅಂಟಿಸಿ ದಾರಿ ತೋರಿಸುವ ವಿಧಾನ) ಪಾಠದಲ್ಲಿ ಸಿಕ್ಕಿಹಾಕಿಕೊಂಡೆ. ರೂಟರ್, ಟನಲ್, ಲೇಬಲ್ ಹಾಗೇ ಇಟ್ಟಿದ್ದೇನೆ, ಬೈಯಬೇಡಿ.

‘ಪ್ರೊಟೆಕ್ಷನ್’ ಅಂದರೆ ಲಿಂಕ್ ಕೆಡುವ ಮೊದಲೇ ಇನ್ನೊಂದು ದಾರಿ ಕಟ್ಟಿಟ್ಟಿರುವುದು. ‘ರೆಸ್ಟೊರೇಶನ್’ ಅಂದರೆ ಕೆಟ್ಟ ಮೇಲೆ ಹುಡುಕುವುದು. ‘ಸಂರಕ್ಷಣೆ’, ‘ಪುನಃಸ್ಥಾಪನೆ’ ಎಂದು ಬರೆದೆ. ಓದಿದರೆ ಹಳೇ ದೇವಸ್ಥಾನದ ಕೆಲಸ ಅನ್ನಿಸುತ್ತದೆ. ಕಟ್ಟಿಟ್ಟ ದಾರಿಗೆ ‘ಅಡ್ಡದಾರಿ’ ಹಾಕಿದ್ದೇನೆ. ಸರಿನಾ?

*

> ಅಡ್ಡದಾರಿ

ಬೇಡವೇ ಬೇಡ. ಮಗ ಅಡ್ಡದಾರಿ ಹಿಡಿದ ಅಂತ ಅಪ್ಪ ಅಳುವ ಪದ ಅದು. ‘ಬಳಸುದಾರಿ’ ಅನ್ನಿ. ‘ಬದಲಿ ದಾರಿ’ಗೂ ಹೋಗಬೇಡಿ, ಬದಲಿ ಅರಬ್ಬಿ ಮೂಲದ್ದು. ನನ್ನ ಕೇಳಿದರೆ ‘ಬಳಿ’ ಇನ್ನೂ ಚೆನ್ನ. ಹಳಗನ್ನಡದ ‘ಬೞಿ’ ಅಂದರೆ ದಾರಿಯೇ, ತಮಿಳಿನ ‘ವೞಿ’ಯ ಒಡಹುಟ್ಟು. ನಾವು ಅದನ್ನು ‘ಹತ್ತಿರ’ ಎಂಬ ಅರ್ಥಕ್ಕೆ ಇಳಿಸಿ ಕೂತಿದ್ದೇವೆ.

ಪ್ರೊಟೆಕ್ಷನ್‌ಗೆ ‘ಮುಂಗಾಪು’, ಮುಂಗಾರು ಆದ ಹಾಗೆ. ಇನ್ನೊಂದಕ್ಕೆ ‘ಮರುಜೋಡಣೆ’. ಲೇಬಲ್ ಯಾಕೆ? ‘ಓಲೆ’ ಇಲ್ವಾ?

*

> ‘ಓಲೆ’ ಇಲ್ವಾ?

ಇದೆ, ಕಿವಿಯಲ್ಲಿ.

ಸ್ವಾಮಿ, ಓಲೆ ಬರೆದವನ ಕೈಯಿಂದ ಓದುವವನವರೆಗೆ ಹಾಗೇ ಹೋಗುತ್ತದೆ. ಲೇಬಲ್ ಬರೀ 20 ಬಿಟ್‌ನ ಸಂಖ್ಯೆ. ದಾರಿಯಲ್ಲಿ ಸಿಗುವ ರೂಟರ್ ಅದನ್ನು ಕಿತ್ತು ತನ್ನ ಪಟ್ಟಿ ನೋಡಿ ಹೊಸದು ಅಂಟಿಸುತ್ತದೆ. ಲೇಬಲ್ ಲೇಬಲ್ಲೇ ಇರಲಿ.

ಮುಂಗಾಪು ಚೆನ್ನಾಗಿದೆ. ಮುಂಚೆಯೇ ಕಟ್ಟಿಡುವುದು ಅನ್ನೋದು ಪದದಲ್ಲೇ ಬಂತು. 50 ಮಿಲಿಸೆಕೆಂಡಿನೊಳಗೆ ಪ್ಯಾಕೆಟ್‌ಗಳನ್ನು ಇನ್ನೊಂದು ದಾರಿಗೆ ಹೊರಳಿಸುವ ಗುರಿ ಇರುವಾಗ ಕೆಟ್ಟ ಮೇಲೆ ಹುಡುಕಲು ಪುರುಸೊತ್ತೆಲ್ಲಿ?

ಬಳಸುದಾರಿ ಮಾತ್ರ ಹುಷಾರು. ಇದರ ನಿಯಮ ಹೇಳುವ 2005ರ ಇಂಟರ್ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 4090ರಲ್ಲಿ ಎರಡು ಬಗೆ ಇವೆ. ‘ಡಿಟೂರ್’ ಒಂದೊಂದು ದಾರಿಗೂ ಬೇರೆ ಬೇರೆ. ‘ಬೈಪಾಸ್’ ಹತ್ತಾರು ದಾರಿಗಳಿಗೆ ಒಂದೇ. ಅಲ್ಲಿ ಪ್ಯಾಕೆಟ್ಟಿನ ಲೇಬಲ್ ಮೇಲೆ ಇನ್ನೊಂದು ಲೇಬಲ್ ಕೂರುತ್ತದೆ, ಬೈಪಾಸ್ ಮುಗಿಯುವಲ್ಲಿ ಮೇಲಿನದು ಕಳಚುತ್ತದೆ. ಎರಡಕ್ಕೂ ಬಳಸುದಾರಿ ಅಂದರೆ ಹುಡುಗರು ಪರೀಕ್ಷೆಯಲ್ಲಿ ಮುಳುಗುತ್ತಾರೆ. ಡಿಟೂರ್‌ಗೆ ಬಳಸುದಾರಿ, ಬೈಪಾಸ್‌ಗೆ ಬೈಪಾಸೇ. ಊರಾಚೆಯ ಬೈಪಾಸ್ ಯಾರಿಗೆ ಗೊತ್ತಿಲ್ಲ?

*

> ಬೈಪಾಸ್‌ಗೆ ಬೈಪಾಸೇ

ಹಾಗಾದರೆ ಪುಸ್ತಕವನ್ನು ಇಂಗ್ಲಿಷಿನಲ್ಲೇ ಬಿಡಿ. ಸುಮ್ನೆ ಕನ್ನಡ ಯಾಕೆ?

*

‘ರಸ್ತೆ’ ಪಾರಸಿಯಿಂದ ಬಂದದ್ದು. ದಿನಾ ಅದರ ಮೇಲೇ ಓಡಾಡುತ್ತೀರಿ, ಅಲ್ವಾ?

*

ನಿಮ್ಮ ಜಗಳ ನಡೆಯಲಿ. ಮುಂಗಾಪು, ಮರುಜೋಡಣೆ, ಬಳಸುದಾರಿ, ಬೈಪಾಸ್ ಹಾಕಿದ್ದೇನೆ. ‘ಬಳಿ’ ಬಿಟ್ಟೆ, ಕ್ಷಮಿಸಿ. ‘ರೂಟರ್ ಬಳಿ’ ಎಂದು ಅದೇ ಪುಟದಲ್ಲಿ ನಾಲ್ಕು ಸಲ ಬರುತ್ತದೆ.

ಒಂದು ಉಳಿಯಿತು. ಬಳಸುದಾರಿ ಮತ್ತೆ ಮೂಲ ದಾರಿಗೆ ಸೇರುವ ರೂಟರ್‌ಗೆ ‘ಕೂಡಲ’ ಎಂದು ಬರೆದಿದ್ದೇನೆ. ನಾಳೆ ಸಂಜೆವರೆಗೆ ಯಾರೂ ತಕರಾರು ತೆಗೆಯದಿದ್ದರೆ ಹಾಗೇ ಅಚ್ಚಿಗೆ ಹೋಗುತ್ತದೆ.