ಬದಿಯಡ್ಕದಲ್ಲಿದ್ದುಕೊಂಡು ಕಡಿಮೆ ಖರ್ಚಿನಲ್ಲಿ ಷೇರು ಕೊಳ್ಳುವುದು, ಮಾರುವುದು ಹೇಗೆ?

ಪ್ರಶ್ನೆ: ಅಡಿಕೆ ಕೃಷಿಕ, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಅಡಿಕೆ ಮಾರಿ ಬಂದ ಹಣದಲ್ಲಿ ತಿಂಗಳಿಗೆ ಸುಮಾರು 5,000 ರೂಪಾಯಿಯನ್ನು ಷೇರುಗಳಿಗೆ ಹಾಕುತ್ತಿದ್ದೇನೆ. ಮಂಗಳೂರಿನ ಬ್ರೋಕರರೊಬ್ಬರಿಗೆ ಫೋನಿನಲ್ಲಿ ತಿಳಿಸಿದರೆ ಅವರೇ ಕೊಳ್ಳುತ್ತಾರೆ, ಅವರೇ ಮಾರುತ್ತಾರೆ. ಎರಡಕ್ಕೂ ಶೇಕಡಾ 0.5 ಬ್ರೋಕರೇಜ್, ಅದರ ಮೇಲೆ ಜಿಎಸ್‌ಟಿ, ಜೊತೆಗೆ ವರ್ಷಕ್ಕೊಮ್ಮೆ ಷೇರುಗಳನ್ನಿಡುವ ಡಿಮ್ಯಾಟ್ ಖಾತೆಯ ನಿರ್ವಹಣಾ ಶುಲ್ಕ. ಮೊಬೈಲಿನಲ್ಲಿ ಮಾಡಿದರೆ ಬ್ರೋಕರೇಜೇ ಇಲ್ಲವೆಂದು ಮಗಳು ಹೇಳುತ್ತಾಳೆ. ಇದು ನಿಜವೇ? ನನ್ನ ಆಧಾರ್ ಕೇರಳದ್ದು, ಬ್ಯಾಂಕ್ ಖಾತೆ ಮಂಗಳೂರಿನದ್ದು. ಬೆಂಗಳೂರಿನ ಕಂಪನಿಯಲ್ಲಿ ಖಾತೆ ತೆರೆದರೆ ಗಡಿಯ ಕಾರಣಕ್ಕೆ ತೆರಿಗೆಯೋ ಸ್ಟಾಂಪ್ ಶುಲ್ಕವೋ ಹೆಚ್ಚು ಬೀಳಬಹುದೇ?

ಉತ್ತರ 1: ಕುಂಬಳೆಯಿಂದ

ಮಗಳ ಮಾತು ಬಹುಮಟ್ಟಿಗೆ ಸರಿ. ಕೊಂಡು ಇಟ್ಟುಕೊಳ್ಳುವ ಡೆಲಿವರಿ ವ್ಯವಹಾರಕ್ಕೆ ಬ್ರೋಕರೇಜ್ ಪಡೆಯದ ಡಿಸ್ಕೌಂಟ್ ಬ್ರೋಕರುಗಳಿದ್ದಾರೆ. ಬೆಂಗಳೂರಿನ ಝೆರೋಧಾ 2015ರಲ್ಲಿಯೇ ಇದನ್ನು ಆರಂಭಿಸಿತು. ಆದರೆ ಸರ್ಕಾರದ ಪಾಲು ಎಲ್ಲಿಯೂ ತಪ್ಪುವುದಿಲ್ಲ. 5,000 ರೂಪಾಯಿಯ ಖರೀದಿಗೆ ಎಸ್‌ಟಿಟಿ ಎಂಬ ಷೇರು ವ್ಯವಹಾರದ ತೆರಿಗೆ 5 ರೂಪಾಯಿ, ಸ್ಟಾಂಪ್ ಶುಲ್ಕ 75 ಪೈಸೆ, ವಿನಿಮಯ ಕೇಂದ್ರದ ಶುಲ್ಕ ಕೆಲವು ಪೈಸೆ, ಹೀಗೆ ಒಟ್ಟು ಸುಮಾರು 6 ರೂಪಾಯಿ. ನೀವೀಗ ಇದರ ಜೊತೆಗೆ ಬ್ರೋಕರೇಜಿಗೆ 25 ರೂಪಾಯಿ, ಅದರ ಜಿಎಸ್‌ಟಿಗೆ ನಾಲ್ಕೂವರೆ ರೂಪಾಯಿ ಕೊಡುತ್ತಿದ್ದೀರಿ.

ಗಡಿಯ ಚಿಂತೆ ಬೇಡ. ಮೊದಲು ಸ್ಟಾಂಪ್ ಶುಲ್ಕದ ದರ ರಾಜ್ಯಕ್ಕೊಂದರಂತೆ ಇತ್ತು. 2020ರ ಜುಲೈ 1ರಿಂದ ಡೆಲಿವರಿ ಖರೀದಿಗೆ ದೇಶಕ್ಕೆಲ್ಲ ಶೇಕಡಾ 0.015 ಎಂದಾಗಿದೆ, ಮಾರುವವರಿಗೆ ಅದು ಇಲ್ಲ. ಆ ಹಣ ನೀವು ವಾಸವಾಗಿರುವ ಕೇರಳಕ್ಕೆ ಸೇರುತ್ತದೆ. ಬೆಂಗಳೂರಿನ ಬಿಲ್ಲಿನಲ್ಲಿ ಕೇಂದ್ರ, ರಾಜ್ಯ ಎಂಬ ಎರಡು ಪಾಲಿನ ಬದಲು ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಎಂದಿರುತ್ತದೆ, ಮೊತ್ತ ಅದೇ ಶೇಕಡಾ 18. ಗಡಿನಾಡಿನವರಿಗೆ ತೊಂದರೆಯಿಲ್ಲದ ಅಪರೂಪದ ವಿಷಯವಿದು.

ಉತ್ತರ 2: ಮಂಜೇಶ್ವರದಿಂದ

ಕೊಳ್ಳುವ ಲೆಕ್ಕವನ್ನಷ್ಟೇ ನೋಡಬೇಡಿ. ಮಾರುವಾಗ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಡಿಪಿ (ಆ ಖಾತೆ ನಡೆಸುವ ಸಂಸ್ಥೆ) ಶುಲ್ಕವಿದೆ. ಒಂದು ಕಂಪನಿಯ ಷೇರಿಗೆ ದಿನಕ್ಕೊಮ್ಮೆ ಬೀಳುವ ಈ ಶುಲ್ಕ ಒಂದು ಷೇರು ಮಾರಿದರೂ ಐನೂರು ಮಾರಿದರೂ ಒಂದೇ. ಅದು ಜಿಎಸ್‌ಟಿ ಸೇರಿ 17 ರೂಪಾಯಿ ಎಂದಿಟ್ಟುಕೊಳ್ಳಿ: ಸಾವಿರ ರೂಪಾಯಿಯ ಷೇರನ್ನು ನಾಲ್ಕು ದಿನ ನಾಲ್ಕು ತುಂಡಾಗಿ ಮಾರಿದವರಿಗೆ 68 ರೂಪಾಯಿ ಹೋಯಿತು, ಒಂದೇ ದಿನ ಮಾರಿದವರಿಗೆ 17. ಬ್ರೋಕರೇಜ್ ಇಲ್ಲವೆಂಬ ಧೈರ್ಯದಲ್ಲಿ ಆಗಾಗ ಮಾರುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷದೊಳಗೆ ಮಾರಿದ ಲಾಭಕ್ಕೆ ತೆರಿಗೆ ಶೇಕಡಾ 20. ವರ್ಷ ಕಳೆದ ಮೇಲೆ, ಆರ್ಥಿಕ ವರ್ಷವೊಂದರಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಮಾತ್ರ ಶೇಕಡಾ 12.5. ಇದರ ಮುಂದೆ ಬ್ರೋಕರೇಜ್ ಸಣ್ಣ ಬಾಬತ್ತು.

ಉತ್ತರ 3: ಪೆರ್ಲದಿಂದ, ನಿವೃತ್ತ ಬ್ಯಾಂಕ್ ನೌಕರ

ನಿರ್ವಹಣಾ ಶುಲ್ಕದ ಬಗ್ಗೆ ಯಾರೂ ಹೇಳಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಬಿಎಸ್‌ಡಿಎ ಎಂಬ ಸರಳ ಡಿಮ್ಯಾಟ್ ಖಾತೆಯಲ್ಲಿ 2024ರ ಸೆಪ್ಟೆಂಬರ್ 1ರಿಂದ 4 ಲಕ್ಷ ರೂಪಾಯಿ ಮೌಲ್ಯದವರೆಗೆ ವಾರ್ಷಿಕ ಶುಲ್ಕವಿಲ್ಲ. ಅಲ್ಲಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಆದರೆ ಮೊದಲ ಹೆಸರು ನಿಮ್ಮದಾಗಿರುವ ಡಿಮ್ಯಾಟ್ ಖಾತೆ ಒಂದೇ ಇರಬೇಕು. ಹೊಸದನ್ನು ತೆರೆದು ಮಂಗಳೂರಿನದನ್ನು ಹಾಗೆಯೇ ಬಿಟ್ಟರೆ ಈ ಸೌಲಭ್ಯ ಸಿಗದು. ಷೇರುಗಳನ್ನು ಮಾರದೆ ಹೊಸ ಖಾತೆಗೆ ವರ್ಗಾಯಿಸಿ, ಹಳೆಯದನ್ನು ಮುಚ್ಚಿಸಿ.

ಇನ್ನೊಂದು ಮಾತು. ಮೊಬೈಲಿನಲ್ಲಿ ಮಾರುವಾಗ ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಕಾಯ್ದಿಡುವ ಡಿಪಾಸಿಟರಿಯ ಟಿ-ಪಿನ್ ಎಂಬ ಗುಪ್ತ ಸಂಖ್ಯೆ ಹಾಕಿ, ಬರುವ ಒಟಿಪಿಯನ್ನೂ ನಮೂದಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಒಟಿಪಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರೂವರೆಯಾಗಿ ಮಾರುಕಟ್ಟೆ ಮುಚ್ಚಿರುತ್ತದೆ. ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಬ್ರೋಕರಿಗೆ ಅನುಮತಿ ಕೊಡುವ ಡಿಡಿಪಿಐ ಪತ್ರಕ್ಕೆ ಒಮ್ಮೆ ಸಹಿ ಹಾಕಿಕೊಟ್ಟರೆ ಪ್ರತಿ ಸಲದ ಈ ಕಾಯುವಿಕೆ ತಪ್ಪುತ್ತದೆ. ಹಳೆಯ ಮುಖ್ತಾರುನಾಮೆಯಂತೆ ಅದು ವಿಶಾಲವಾದುದಲ್ಲ, ನೀವು ಮಾರಿದ ಷೇರನ್ನು ಒಪ್ಪಿಸುವಂಥ ಕೆಲವೇ ಕೆಲಸಗಳಿಗೆ ಸೀಮಿತ. ಖಾತೆ ತೆರೆಯುವಾಗಲೇ ಅದನ್ನು ಕೇಳಿ ಪಡೆಯಿರಿ.